ಎಡಗಾಲಿನ ಗುರುತು

ಹಗಲೆಲ್ಲ ಊರಿನ ಹೆಬ್ಬೆಟ್ಟು ಹಿಡಿಯುವುದು ನನ್ನ ಕೆಲಸ.
ದಾವಣಗೆರೆ ಸಬ್‌ರಿಜಿಸ್ಟ್ರಾರ್ ಕಚೇರಿ, ಮೂರನೇ ಮೇಜು.
ಒಡೆದ ಹೆಬ್ಬೆಟ್ಟು, ಸುಣ್ಣ ತಿಂದ ಹೆಬ್ಬೆಟ್ಟು,
ಮಂಡಕ್ಕಿ ಭಟ್ಟಿಯ ಬಿಸಿಗೆ ಗೆರೆಯೇ ಅಳಿಸಿಹೋದ ಹೆಬ್ಬೆಟ್ಟು.
‘ಸಡಿಲ ಬಿಡಿ ಯಜಮಾನ್ರೇ, ನೀವು ಒತ್ತಬೇಡಿ, ನಾನು ಒತ್ತುತ್ತೇನೆ’
ಅನ್ನುತ್ತ ಅನ್ನುತ್ತ ಹನ್ನೊಂದು ವರ್ಷ.

ಮಿಷನ್ನು ಬಂದಮೇಲೆ ಮಸಿಡಬ್ಬಿ ಡ್ರಾಯರಿನ ಮೂಲೆ ಸೇರಿತ್ತು.
ಅದನ್ನೇ ಮೊನ್ನೆ ಟಿಫಿನ್ ಚೀಲಕ್ಕೆ ಹಾಕಿಕೊಂಡು ಬಂದೆ,
ಇಪ್ಪತ್ತಾರು ದಿನದ ಮಗಳ ಪಾದ ಹಾಳೆಯ ಮೇಲೆ ಹಿಡಿದಿಡಲು.

ಕೊಟ್ರಮ್ಮತ್ತೆ ಬಾಗಿಲಲ್ಲೇ ತಡೆದರು:
‘ಎಷ್ಟು ಮಂದಿ ಹೊಲ ಕಳಕೊಂಡ ಮಸಿ ಅದು,
ಕೂಸಿನ ಕಾಲಿಗೆ ಹಚ್ತೀಯೇನಪ್ಪಾ?’
ಕೊಂಡವರೂ ಇದ್ದರಲ್ಲ ಅನ್ನಲು ಹೋದೆ,
ಬಾಯಿ ಬರಲಿಲ್ಲ.
ಡಬ್ಬಿ ಚಪ್ಪಲಿಗಳ ಪಕ್ಕ ಹೊರಗೇ ಮಲಗಿತು.

ಒಳಗೆ ಅಂಬಿಕಾ ಕುಲಾವಿ ಹೊಲಿಯುತ್ತಿದ್ದಳು.
ಹೊಲಿಯುವುದಕ್ಕಿಂತ ಬಿಚ್ಚುವುದೇ ಹೆಚ್ಚು;
ಬಿ.ಕಾಂ. ಓದಿದವಳು, ಗುಂಡಿ ಹಚ್ಚಿ ಗೊತ್ತಿಲ್ಲ.
ಬಟ್ಟೆ ಅವಳ ಅಜ್ಜನದು. ಕಾಟನ್ ಮಿಲ್ಲಿನ ಕೊನೆಯ ಪಾಳಿಯ ದಿನ
ಕೈಗಿಟ್ಟ ಮೂರು ಗಜ,
ಟ್ರಂಕಿನೊಳಗೆ ಮಡಿಕೆ ಮಡಿಕೆಗೂ ಹಳದಿಯಾದದ್ದು.
ಅಂಚಿನ ನೀಲಿ ಮೊಹರು ಕತ್ತರಿಸಲು ಮನಸ್ಸಾಗದೆ
ಹಣೆಯ ಮೇಲೆ ಬರುವ ಹಾಗೆ ಇಟ್ಟಿದ್ದಳು.
‘ಇವಳೂ ಮಿಲ್ಲಿನ ಮಾಲೇ ಬಿಡ್ರಿ’ ಅಂದು ನಕ್ಕಳು,
ನಕ್ಕು ತಟ್ಟನೆ ಹೊಟ್ಟೆ ಹಿಡಿದುಕೊಂಡಳು.
ಆ ಹೊಲಿಗೆ ಇನ್ನೂ ಹಸಿ.

ರಾತ್ರಿ ಎರಡು ಗಂಟೆ. ಪಿ.ಬಿ. ರೋಡಿನಲ್ಲಿ ಒಂದೇ ಒಂದು ಲಾರಿ.
ಬಜೆ, ಲೋಬಾನ, ಹಾಲಿನ ಹುಳಿ ವಾಸನೆ.
ಕೂಸು ಕುಡಿದು ಕಣ್ಣು ಬಿಟ್ಟುಕೊಂಡೇ ಬಿದ್ದಿದೆ.
ನಾವಿಬ್ಬರೂ ಕಳ್ಳರ ಹಾಗೆ ಅಡುಗೆಮನೆಯಲ್ಲಿ
ಬೀಟ್‌ರೂಟ್ ತುರಿದೆವು, ಸೋಸುವ ಬಟ್ಟೆಯಲ್ಲಿ ಹಿಂಡಿದೆವು.

ಯಾರ ಕಾಲನ್ನೂ ಹಿಡಿದವನಲ್ಲ ನಾನು.
ಹಿಡಿದೆ.
ತಾಗಿಸುವಷ್ಟರಲ್ಲಿ ಐದೂ ಬೆರಳು ಮುದುಡಿದವು,
ದುಡ್ಡು ಎಣಿಸಿಕೊಳ್ಳದೆ ರುಜು ಹಾಕೆನೆಂಬ ಮುದುಕನ ಹಾಗೆ.
ಮೊದಲ ಹಾಳೆ: ಒಂದು ಕೆಂಪು ಗೀಟು.
ಎರಡನೆಯದು ಹಿಮ್ಮಡಿಯೋ, ಗೋಡಂಬಿಯೋ.
ಮೂರನೆಯದರ ಮೇಲೆ ಉಚ್ಚೆ ಹೊಯ್ದಳು.

ನಾಲ್ಕನೇ ಹಾಳೆಗೆ ಚಕ್ಕುಬಂದಿ ಬರೆದೆ; ರೂಢಿ, ಕೈ ಕೇಳಲಿಲ್ಲ:
ಪೂರ್ವಕ್ಕೆ ತಾಯಿಯ ಎಡ ಮೊಲೆ,
ಪಶ್ಚಿಮಕ್ಕೆ ಅಜ್ಜಿಯ ಗೊರಕೆ,
ಉತ್ತರಕ್ಕೆ ಒಣಗದ ಲಂಗೋಟಿಗಳ ಹಗ್ಗ,
ದಕ್ಷಿಣಕ್ಕೆ ತಂದೆ ಎಂಬ ಖರಾಬು ಜಾಗ.
ಹೆಸರಿನ ಕಡೆ ಖಾಲಿ ಬಿಟ್ಟೆ.
ತೊಟ್ಟಿಲಿಗೆ ಹಾಕುವುದು ಮುಂದಿನ ಸೋಮವಾರ.

ಬೆಳಿಗ್ಗೆ ನೋಡಿದರೆ ಅವಳ ಪಾದ ಒಂದು ಮಸುಕು,
ತೊಳೆದ ಕಲೆಯ ಹಾಗೆ.
ಅದರ ಪಕ್ಕದಲ್ಲೇ, ಹಿಡಿದ ಜಾಗದಲ್ಲಿ,
ಸುರುಳಿ ಸುರುಳಿ, ಒಂದು ಗೆರೆಯೂ ತಪ್ಪದೆ,
ನನ್ನ ಹೆಬ್ಬೆಟ್ಟು.
ಅಂಬಿಕಾ ಅದನ್ನೇ ಚೌಕಟ್ಟು ಹಾಕಿಸು ಅಂದಳು.
ಬೀಟ್‌ರೂಟ್ ಬಣ್ಣ ನಿಲ್ಲುವುದಿಲ್ಲ, ತಿಂಗಳಿಗೆ ಕಂದಾಗುತ್ತದೆ ಅಂದೆ.
‘ಆಗಲಿ, ಅಷ್ಟರಲ್ಲಿ ಇವಳೇ ಇಷ್ಟು ಇರಂಗಿಲ್ಲ’ ಅಂದಳು
ದಾರ ಹಲ್ಲಿನಲ್ಲಿ ಕತ್ತರಿಸುತ್ತ.

ಕುಲಾವಿ ಮುಗಿಯಿತು. ತಲೆ ಅದಕ್ಕಿಂತ ಮುಂದೆ ಹೋಗಿತ್ತು.
ಈಗದು ಓಂಕಾಳಿನ ಭರಣಿಯ ಮುಚ್ಚಳದ ಮೇಲೆ,
ನೀಲಿ ಮೊಹರು ಮುಂದೆ ಮಾಡಿ, ಗತ್ತಿನಲ್ಲಿ ಕೂತಿದೆ.

ಕಚೇರಿಯಲ್ಲಿ ಮರುದಿನ
ಹೊನ್ನೂರಿನ ಕಡೆಯ ಒಬ್ಬ ಮುದುಕಿ,
ಸೈಟಿನ ದಾನಪತ್ರ, ಮೊಮ್ಮಗಳ ಹೆಸರಿಗೆ.
ಗಾಜಿನ ಮೇಲೆ ಅವಳ ಬೆರಳು ಇಡಿಸುವಾಗ
ನನ್ನ ಕೆಂಪು ಹೆಬ್ಬೆಟ್ಟು ಕಂಡು ಕೇಳಿದಳು:
‘ಏನ್ ಸಾಹೇಬ್ರ, ನೀವೂ ಏನಾರ ಬರಕೊಟ್ರೇನು?’

ಸಡಿಲ ಬಿಡವ್ವ, ಅಂದೆ.